ಮಗನಿಗೆ ಉಬ್ಬಸ, ಅವರಪ್ಪನಿಗೆ ಸೀನು: ಚೆನ್ನಾಗಿದ್ದಾಗಲೂ ದಿನಾ ಪಂಪ್ ಕೊಡಬೇಕಾ?

ಹೆಬ್ಬಾಳದಮ್ಮ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಒಂದಲ್ಲ, ನಾಲ್ಕೈದು ಇವೆ. ಒಟ್ಟಿಗೇ ಕೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮಗನಿಗೆ ಆರು ವರ್ಷ, ಒಂದನೇ ಕ್ಲಾಸು, 20 ಕೆಜಿ ಇದ್ದಾನೆ. ಬೇರೆ ಮಕ್ಕಳಿಗೆ ನೆಗಡಿ ಬಂದರೆ ಮೂಗಲ್ಲೇ ಬಂದು ಮೂಗಲ್ಲೇ ಹೋಗುತ್ತದೆ. ಇವನಿಗೆ ಎದೆಗೆ ಇಳಿಯುತ್ತದೆ. ಹಗಲೆಲ್ಲ ಕುಣಿದಾಡಿಕೊಂಡು ಇರುತ್ತಾನೆ. ರಾತ್ರಿ ಎರಡು ಮೂರು ಗಂಟೆಗೆ ಕೆಮ್ಮು ಶುರು. ಎದ್ದು ಕೂರುತ್ತಾನೆ, ಮಲಗಿದರೆ ಮತ್ತೆ ಕೆಮ್ಮು. ಬೆನ್ನಿಗೆ ಕಿವಿ ಕೊಟ್ಟರೆ ಒಳಗೆ ಸುಯ್ ಸುಯ್ ಅಂತ ಕೇಳುತ್ತದೆ. ಕೂಸಾಗಿದ್ದಾಗ ಮೊಣಕೈ, ಮೊಣಕಾಲು ಸಂದಿಯಲ್ಲಿ ತುರಿಕೆ ಕಜ್ಜಿ ಇತ್ತು. ಅದು ಹೋಯಿತು, ಇದು ಬಂತು.

ಡಾಕ್ಟರು ಅಸ್ತಮಾ ಅಂದರು. ಎರಡು ಇನ್ಹೇಲರ್ ಬರೆದುಕೊಟ್ಟಿದ್ದಾರೆ. ನೀಲಿ ಬಣ್ಣದ್ದು ಸಾಲ್ಬುಟಮಾಲ್, ಕಷ್ಟ ಆದಾಗ ಮಾತ್ರ. ಇನ್ನೊಂದು ಬ್ಯುಡೆಸೊನೈಡ್ 100 ಅನ್ನುವ ಸ್ಟಿರಾಯ್ಡ್, ಬೆಳಿಗ್ಗೆ ಒಂದು ರಾತ್ರಿ ಒಂದು, ಮೂರು ತಿಂಗಳು ದಿನಾ, ಸ್ಪೇಸರ್ (ಪಂಪಿಗೂ ಬಾಯಿಗೂ ನಡುವೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ) ಹಾಕಿ. ಅಲ್ಲಿಂದ ಮನೆಯಲ್ಲಿ ಜಗಳ ಶುರು. "ಪಂಪ್ ಅಭ್ಯಾಸ ಆದರೆ ಸಾಯೋವರೆಗೂ ಬಿಡಲ್ಲ, ನಮ್ಮ ಕಾಲದಲ್ಲಿ ಯಾವ ಮಗುವಿಗೆ ಇತ್ತು ಇದೆಲ್ಲ" ಅಂತ ಅತ್ತೆ. "ಚೆನ್ನಾಗಿದ್ದಾನಲ್ಲ, ಸುಮ್ನೆ ಯಾಕೆ ಸ್ಟಿರಾಯ್ಡ್" ಅಂತ ನಮ್ಮವರು. ಅವರು ದಿನಾ ಬೆಳಿಗ್ಗೆ ಹಾಸಿಗೆ ಬಿಟ್ಟ ತಕ್ಷಣ ಸಾಲಾಗಿ ಸೀನುತ್ತಾರೆ, ಕಣ್ಣು ಉಜ್ಜಿ ಉಜ್ಜಿ ಕೆಂಪಾಗಿರುತ್ತದೆ. ಮಾಂಟೆಲುಕಾಸ್ಟ್ ಲೆವೊಸೆಟಿರಿಜಿನ್ ಸೇರಿರುವ ಮಾತ್ರೆಯನ್ನು ತಾವೇ ತಂದು ನುಂಗುತ್ತಾರೆ. ಅದಕ್ಕೆ ಅಭ್ಯಾಸದ ಭಯ ಇಲ್ಲ!

ಎದುರುಗಡೆ ಖಾಲಿ ಸೈಟಿದೆ, ತುಂಬಾ ಕಾಂಗ್ರೆಸ್ ಗಿಡ. ರಸ್ತೆಯ ಗುಲಾಬಿ ಹೂವಿನ ಮರಗಳಿಂದಲೇ ಅಲರ್ಜಿ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಅವರ ಮಾತು ಕೇಳಿ ಒಂದು ಲ್ಯಾಬಲ್ಲಿ ಅಲರ್ಜಿ ಪ್ಯಾಕೇಜ್ ಅಂತ ರಕ್ತ ಪರೀಕ್ಷೆ ಮಾಡಿಸಿದೆವು. ಪುಟಗಟ್ಟಲೆ ರಿಪೋರ್ಟು. ಹಾಲು, ಬಾಳೆಹಣ್ಣು, ಬದನೆಕಾಯಿ, ಕಡಲೆ, ಧೂಳಿನ ಹುಳ ಎಲ್ಲದರ ಮುಂದೆ ಪಾಸಿಟಿವ್. ಅವತ್ತಿಂದ ಮೊಸರನ್ನ, ಬಾಳೆಹಣ್ಣು ಬಂದ್. ಮಗ ಮೊಸರನ್ನ ಇಲ್ಲದೆ ಊಟವೇ ಮುಗಿಸದವನು. ಕೆಮ್ಮು ಮಾತ್ರ ಹಾಗೇ ಇದೆ.

ಮೃಗಶಿರ ದಿನ ಹೈದರಾಬಾದಿಗೆ ಕರೆದುಕೊಂಡು ಹೋಗಿ ಮೀನಿನ ಔಷಧಿ ಕೊಡಿಸೋಣ ಅಂತ ಮಾವನವರ ಒತ್ತಾಯ ಬೇರೆ. ಅನುಭವ ಇರುವವರು ದಯವಿಟ್ಟು ಹೇಳಿ.

ಅವಳಿ ಮಕ್ಕಳ ತಾಯಿ

ನಮ್ಮ ಇಬ್ಬರಿಗೂ ಇದೇ ಇತ್ತು. ಪಂಪಿಗಿಂತ ಮನೆಗೆ ಒಂದು ನೆಬ್ಯುಲೈಸರ್ ತಂದಿಟ್ಟುಕೊಳ್ಳಿ. ಹೊಗೆ ಥರ ಬರುವುದರಿಂದ ಚೆನ್ನಾಗಿ ಒಳಗೆ ಹೋಗುತ್ತದೆ, ಅಭ್ಯಾಸವೂ ಆಗಲ್ಲ. ತಣ್ಣನೆಯದು ಏನೂ ಕೊಡಬೇಡಿ. ರಾತ್ರಿ ಬಿಸಿನೀರಿಗೆ ಜೇನುತುಪ್ಪ ಹಾಕಿ ಕೊಡಿ, ಗಂಟಲಿಗೆ ಹಿತ ಇರುತ್ತದೆ.

ತಿಪಟೂರು ಮೆಡಿಕಲ್ಸ್

ನಾನು ಔಷಧಿ ಅಂಗಡಿ ಇಟ್ಟಿರುವವನು, ಡಾಕ್ಟರಲ್ಲ. ಆದರೆ ಹುಟ್ಟಾ ಉಬ್ಬಸದವನು. ನಮ್ಮ ಮನೆ ಅಟ್ಟದ ಮೇಲೆ ಕೊಬ್ಬರಿ ಒಣಗುತ್ತಿತ್ತು. ಕಾಯಿ ಸುಲಿದು ಮಟ್ಟೆ ತೆಗೆಯುವ ಕಾಲದಲ್ಲಿ ಇಡೀ ಮನೆ ನಾರಿನ ಧೂಳು. ಆ ದಿನಗಳಲ್ಲಿ ನಾನು ಗೋಡೆಗೆ ಒರಗಿಕೊಂಡು ಕೂತೇ ನಿದ್ದೆ ಮಾಡುತ್ತಿದ್ದೆ. ಆಗ ಕೊಡುತ್ತಿದ್ದದ್ದು ಥಿಯೋಫಿಲಿನ್ ಗುಳಿಗೆ. ನುಂಗಿದರೆ ಎದೆ ಢವಢವ, ಹೊಟ್ಟೆ ತೊಳಸು. ಇವತ್ತಿನ ಮಕ್ಕಳು ಪುಣ್ಯವಂತರು ಅಂತ ಅದಕ್ಕೇ ಹೇಳುತ್ತೇನೆ.

ಮೊದಲು ಪಂಪಿನ ವಿಷಯ. ಅಸ್ತಮಾದಲ್ಲಿ ಶ್ವಾಸದ ಕೊಳವೆಯ ಒಳಪದರ ಯಾವಾಗಲೂ ಸ್ವಲ್ಪ ಊದಿಕೊಂಡೇ ಇರುತ್ತದೆ. ಮಗು ಕುಣಿದಾಡುತ್ತಿರುವಾಗಲೂ. ಅದರ ಮೇಲೆ ನೆಗಡಿ, ಧೂಳು, ಹೊಗೆ ಏನಾದರೂ ಬಿತ್ತು ಅಂದರೆ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಕಫ ತುಂಬುತ್ತದೆ. ಅದೇ ನಿಮಗೆ ಕೇಳುವ ಸುಯ್ ಸುಯ್. ನೀಲಿ ಪಂಪ್ ಬಿಗಿದ ಸ್ನಾಯುವನ್ನು ಸಡಿಲ ಮಾಡುತ್ತದೆ. ಐದು ಹತ್ತು ನಿಮಿಷದಲ್ಲಿ ಆರಾಮ, ನಾಲ್ಕು ಗಂಟೆ ಕಳೆದರೆ ಅದರ ಕೆಲಸ ಮುಗಿಯಿತು. ಊತಕ್ಕೆ ಅದು ಏನೂ ಮಾಡುವುದಿಲ್ಲ. ಊತ ಇಳಿಸುವುದು ಬ್ಯುಡೆಸೊನೈಡ್. ಅದು ದಿನಾ ತೆಗೆದುಕೊಂಡರೆ ಮಾತ್ರ ನಿಧಾನಕ್ಕೆ ಕೆಲಸ ಮಾಡುತ್ತದೆ. ಬರೀ ನೀಲಿ ಪಂಪ್ ಒತ್ತಿಕೊಂಡಿರುವುದು ಸೋರುವ ಹಂಚಿನ ಕೆಳಗೆ ಪಾತ್ರೆ ಇಟ್ಟ ಹಾಗೆ. ಹಂಚು ಕೈಯಾಡಿಸುವ ಕೆಲಸ ಇನ್ನೊಂದು ಪಂಪಿನದು.

ನಮ್ಮ ಅಂಗಡಿಯಲ್ಲಿ ಏನು ನಡೆಯುತ್ತದೆ ಗೊತ್ತಾ? ಚೀಟಿಯಲ್ಲಿ ಎರಡೂ ಬರೆದಿರುತ್ತದೆ. "ನೀಲೀದು ಕೊಡಿ ಸಾಕು, ಅದೊಂದೇ ಕೆಲಸ ಮಾಡೋದು" ಅನ್ನುತ್ತಾರೆ. ನೀಲಿ ಒಂದನ್ನೇ ನೆಚ್ಚಿಕೊಂಡವರಲ್ಲಿ ಜೋರು ಅಟ್ಯಾಕ್ ಜಾಸ್ತಿ ಅಂತ ಕಂಡುಬಂದ ಮೇಲೆ, 2019ರಲ್ಲಿ ಗಿನಾ ಅನ್ನುವ ಅಂತರರಾಷ್ಟ್ರೀಯ ಅಸ್ತಮಾ ಮಾರ್ಗಸೂಚಿ 12 ವರ್ಷ ದಾಟಿದವರಿಗೆ ಬರೀ ನೀಲಿ ಪಂಪಿನ ಚಿಕಿತ್ಸೆ ಬೇಡ ಅಂತಲೇ ಹೇಳಿತು. ಚಿಕ್ಕ ಮಕ್ಕಳಿಗೂ ಪದೇ ಪದೇ ತೊಂದರೆ ಬರುತ್ತಿದ್ದರೆ ದಿನಾ ಕಡಿಮೆ ಡೋಸಿನ ಸ್ಟಿರಾಯ್ಡ್ ಪಂಪೇ ಮುಖ್ಯ ಮದ್ದು. ನಿಮ್ಮ ಡಾಕ್ಟರು ಬರೆದಿರುವುದೂ ಅದೇ.

ಇನ್ನು ಸ್ಟಿರಾಯ್ಡ್ ಭಯ. ನಿಮ್ಮವರಿಗೆ ಲೆಕ್ಕ ತೋರಿಸಿ. ಮಗನಿಗೆ ದಿನಕ್ಕೆ ಹೋಗುವುದು 200 ಮೈಕ್ರೋಗ್ರಾಂ. ಇದನ್ನು ನಿಲ್ಲಿಸಿ ಅಟ್ಯಾಕ್ ಬಂದು ಆಸ್ಪತ್ರೆಗೆ ಓಡಿದರೆ ಪ್ರೆಡ್ನಿಸೊಲೋನ್ ಸಿರಪ್ ಕೊಡುತ್ತಾರೆ. 20 ಕೆಜಿ ಮಗುವಿಗೆ ಕೆಜಿಗೆ 1 ಮಿಲಿಗ್ರಾಂ ಅಂದರೂ ದಿನಕ್ಕೆ 20 ಮಿಲಿಗ್ರಾಂ, ಅಂದರೆ 20,000 ಮೈಕ್ರೋಗ್ರಾಂ. ಎರಡೂ ಬೇರೆ ಬೇರೆ ಸ್ಟಿರಾಯ್ಡ್, ತೂಕಕ್ಕೆ ತೂಕ ಸಮ ಅಲ್ಲ, ಒಪ್ಪಿದೆ. ಆದರೂ ಸಿರಪ್ ರಕ್ತಕ್ಕೆ ಸೇರಿ ಮೈಗೆಲ್ಲ ಹೋಗುತ್ತದೆ. ಪಂಪಿನದು ಬಹುಪಾಲು ಶ್ವಾಸಕೋಶದಲ್ಲೇ ಕೆಲಸ ಮಾಡುತ್ತದೆ. ನೀಲಿ ಪಂಪಿನ ಕಥೆಯೂ ಹೀಗೇ. ಒಂದು ಪಫ್ 100 ಮೈಕ್ರೋಗ್ರಾಂ. ಅದೇ ಔಷಧಿಯ ಸಿರಪ್ 5 ಎಂಎಲ್ ಕುಡಿಸಿದರೆ 2 ಮಿಲಿಗ್ರಾಂ, ಅಂದರೆ ಇಪ್ಪತ್ತು ಪಫ್‌ನಷ್ಟು. ಸಿರಪ್ ಕೇಳುವಾಗ ಯಾರೂ ಹೆದರುವುದಿಲ್ಲ ನೋಡಿ.

ಅಡ್ಡ ಪರಿಣಾಮ ಇಲ್ಲವೇ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಅಮೆರಿಕದಲ್ಲಿ ಮಕ್ಕಳಿಗೆ ದಿನಕ್ಕೆ 400 ಮೈಕ್ರೋಗ್ರಾಂ ಬ್ಯುಡೆಸೊನೈಡ್ ಅನ್ನು ನಾಲ್ಕರಿಂದ ಆರು ವರ್ಷ ಕೊಟ್ಟು, ಅವರು ದೊಡ್ಡವರಾಗುವ ತನಕ ಎತ್ತರ ಅಳೆದರು. 2012ರಲ್ಲಿ ಫಲಿತಾಂಶ ಬಂತು. ಔಷಧಿ ಇಲ್ಲದ ಪಂಪ್ ಪಡೆದವರಿಗಿಂತ ಸರಾಸರಿ 1.2 ಸೆಂಟಿಮೀಟರ್ ಕಡಿಮೆ. ನಿಮ್ಮ ಮಗನದು ಅದರ ಅರ್ಧ ಡೋಸ್. ರಾತ್ರಿಯೆಲ್ಲ ಕೆಮ್ಮಿ ನಿದ್ದೆಗೆಟ್ಟ ಮಗುವಿನ ಬೆಳವಣಿಗೆ ಏನಾಗುತ್ತದೆ, ನೀವೇ ಹೇಳಿ.

ಅತ್ತೆಯವರ ಮಾತಲ್ಲಿ ಒಂದು ನಿಜ ಇದೆ. ಮುಂಚೆ ಇಷ್ಟು ಇರಲಿಲ್ಲ. ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಆಸ್ಪತ್ರೆಗೆ ಬಂದ 20,000 ಮಕ್ಕಳ ಲೆಕ್ಕ ಇಟ್ಟಿದ್ದರು. 1979ರಲ್ಲಿ ನೂರಕ್ಕೆ 9 ಮಕ್ಕಳಿಗೆ ಅಸ್ತಮಾ, 1999ರ ಹೊತ್ತಿಗೆ 29.5. ಆಸ್ಪತ್ರೆಗೆ ಬಂದವರ ಲೆಕ್ಕ ಅದು, ಇಡೀ ಊರಿನದಲ್ಲ. ಆದರೂ ಏರಿದ್ದು ನೋಡಿ. ಅಭ್ಯಾಸದ ಮಾತು ಮಾತ್ರ ಸುಳ್ಳು. ಆರಾಮಾಗಿದ್ದರೆ ಡಾಕ್ಟರೇ ಮೂರು ತಿಂಗಳಿಗೊಮ್ಮೆ ನೋಡಿ ಡೋಸ್ ಇಳಿಸುತ್ತಾರೆ. ನೀವಾಗಿ ನಿಲ್ಲಿಸಬೇಡಿ, ಅಷ್ಟೇ.

ನೆಬ್ಯುಲೈಸರ್ ಬಗ್ಗೆ ಮೇಲೆ ಬರೆದವರ ಮಾತು ಒಪ್ಪಲಾರೆ. ಸಾಧಾರಣ ಅಟ್ಯಾಕಿಗೆ ಸ್ಪೇಸರ್ ಹಾಕಿದ ಪಂಪ್ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಕರೆಂಟ್ ಬೇಡ, ತೊಳೆಯುವ ರಗಳೆ ಕಡಿಮೆ. ಮನೆಯಲ್ಲಿ ಮಿಷನ್ ಇದೆ ಅನ್ನುವ ಧೈರ್ಯದಲ್ಲಿ ಆಸ್ಪತ್ರೆಗೆ ಹೋಗುವುದು ತಡ ಆಗುತ್ತದೆ, ಅದು ನನ್ನ ನಿಜವಾದ ಭಯ. ಜೇನುತುಪ್ಪಕ್ಕೆ ನನ್ನ ತಕರಾರಿಲ್ಲ.

ಸ್ಪೇಸರ್ ಹಾಕುವ ಕ್ರಮ ನೋಡಿ, ಅರ್ಧ ಔಷಧಿ ಹಾಳಾಗುವುದು ಇಲ್ಲೇ. ಡಬ್ಬಿಯನ್ನು ಚೆನ್ನಾಗಿ ಕುಲುಕಿ ಸ್ಪೇಸರ್ ಹಿಂಭಾಗಕ್ಕೆ ಸಿಕ್ಕಿಸಿ. ಆರು ವರ್ಷದವನಿಗೆ ಮಾಸ್ಕ್ ಬೇಡ, ಬಾಯಿಯ ಕೊಳವೆ ಸಾಕು. ಹಲ್ಲಿನ ನಡುವೆ ಇಟ್ಟು ತುಟಿ ಬಿಗಿಯಾಗಿ ಮುಚ್ಚಬೇಕು. ಒಂದೇ ಒಂದು ಸಲ ಒತ್ತಿ. ಈಗ ಅವನು ಮಾಮೂಲಾಗಿ ಐದಾರು ಸಲ ಉಸಿರಾಡಲಿ. ಒಳಗಿನ ಕವಾಟ ಟಿಕ್ ಟಿಕ್ ಅಂತ ಆಡುವುದು ಕಾಣುತ್ತದೆ, ಅದನ್ನು ಅವನ ಕೈಯಲ್ಲೇ ಎಣಿಸಿ. ಎರಡನೇ ಪಫ್ ಬೇಕಿದ್ದರೆ ಅರ್ಧ ನಿಮಿಷ ಬಿಟ್ಟು, ಮತ್ತೆ ಕುಲುಕಿ. ಎರಡನ್ನೂ ಒಟ್ಟಿಗೆ ಒತ್ತಿದರೆ ಔಷಧಿ ಗೋಡೆಗೆ ಅಂಟುತ್ತದೆ. ಬ್ಯುಡೆಸೊನೈಡ್ ಆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಬೇಕು, ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಅಗ್ರ ಕಟ್ಟುತ್ತದೆ. ಹಲ್ಲುಜ್ಜುವ ಮುಂಚೆ ಕೊಟ್ಟರೆ ಎರಡೂ ಕೆಲಸ ಆಯಿತು. ಸ್ಪೇಸರನ್ನು ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಅದ್ದಿ ಹಾಗೇ ಆರಲು ಬಿಡಿ. ಬಟ್ಟೆಯಲ್ಲಿ ಒರೆಸಬೇಡಿ. ಒರೆಸಿದರೆ ಪ್ಲಾಸ್ಟಿಕ್ಕಿಗೆ ಸ್ಥಾಯಿ ವಿದ್ಯುತ್ ಹಿಡಿದು ಔಷಧಿಯನ್ನು ಎಳೆದುಕೊಳ್ಳುತ್ತದೆ.

ಡಬ್ಬಿ ಖಾಲಿಯಾಯಿತಾ ಅಂತ ನೀರಲ್ಲಿ ತೇಲಿಸಿ ನೋಡುತ್ತಾರೆ, ಅದನ್ನು ನಂಬಬೇಡಿ. ಔಷಧಿ ಮುಗಿದ ಮೇಲೂ ಗಾಳಿ ಪುಸ್ ಅನ್ನುತ್ತಿರುತ್ತದೆ. ಮೇಲೆ 200 ಡೋಸ್ ಅಂತ ಬರೆದಿದ್ದರೆ ದಿನಕ್ಕೆ ಎರಡರಂತೆ 100 ದಿನ. ಶುರು ಮಾಡಿದ ತಾರೀಖನ್ನು ಡಬ್ಬಿಯ ಮೇಲೇ ಬರೆದುಬಿಡಿ.

ಆ ರಕ್ತ ಪರೀಕ್ಷೆ ಬಗ್ಗೆ ನನಗೆ ಸಿಟ್ಟಿದೆ. ಪಾಸಿಟಿವ್ ಅಂದರೆ ಆ ಆಹಾರಕ್ಕೆ ಮೈ ಒಂದು ಪ್ರತಿಕಾಯ ತಯಾರು ಮಾಡಿಟ್ಟಿದೆ ಅಂತ ಅರ್ಥ, ತಿಂದರೆ ತೊಂದರೆ ಆಗೇ ಆಗುತ್ತದೆ ಅಂತಲ್ಲ. ನಮ್ಮ ಕರ್ನಾಟಕದಲ್ಲೇ ದೊಡ್ಡವರ ಮೇಲೆ ಇದರ ಅಧ್ಯಯನ ಆಗಿದೆ, 2016ರಲ್ಲಿ ಪ್ರಕಟವಾಯಿತು. ಆಹಾರಕ್ಕೆ ರಕ್ತದಲ್ಲಿ ಪಾಸಿಟಿವ್ ಬಂದವರು ನೂರಕ್ಕೆ 26.5. ನಿಜವಾಗಿ ಆಹಾರದ ಅಲರ್ಜಿ ಇರಬಹುದು ಅನ್ನಿಸಿದವರು ನೂರಕ್ಕೆ 1.2! ನಿಜವಾದ ಅಲರ್ಜಿ ಇದ್ದರೆ ತಿಂದ ಕೆಲವು ನಿಮಿಷದಿಂದ ಎರಡು ಗಂಟೆಯೊಳಗೆ ಗೊತ್ತಾಗುತ್ತದೆ. ಮೈ ದದ್ದು, ತುಟಿ ಊತ, ವಾಂತಿ. ನಿಮ್ಮ ಮಗ ವರ್ಷಗಟ್ಟಲೆ ಮೊಸರನ್ನ ತಿಂದು ಏನೂ ಆಗಿಲ್ಲ. ರಿಪೋರ್ಟ್ ಡಾಕ್ಟರಿಗೆ ತೋರಿಸಿ, ಕೇಳಿಕೊಂಡು ಮತ್ತೆ ಶುರು ಮಾಡಿ. ಬೆಳೆಯುವ ಮಗುವಿಗೆ ಹಾಲು, ಮೊಸರು, ಹಣ್ಣು ಒಟ್ಟಿಗೇ ಬಂದ್ ಮಾಡುವುದು ಸಣ್ಣ ವಿಷಯ ಅಲ್ಲ. ಆ ಪಟ್ಟಿಯಲ್ಲಿ ನಿಮ್ಮ ಕಥೆಗೆ ಹೊಂದುವುದು ಧೂಳಿನ ಹುಳ ಒಂದೇ. ರಾತ್ರಿ ಹಾಸಿಗೆಯಲ್ಲಿ ಮಗನಿಗೆ ಕೆಮ್ಮು, ಬೆಳಿಗ್ಗೆ ಹಾಸಿಗೆಯಲ್ಲಿ ಅಪ್ಪನಿಗೆ ಸೀನು.

ಗುಲಾಬಿ ಹೂವಿನ ಮರ ಅಂದರೆ ಟಬೆಬುಯಾ ಇರಬೇಕು. ಪಾಪ, ಅದನ್ನು ಬಿಟ್ಟುಬಿಡಿ. ಅದರ ಪರಾಗ ಹೊರುವುದು ಜೇನು, ದುಂಬಿ. ಗಾಳಿಯಲ್ಲಿ ತೇಲುವುದು ಹುಲ್ಲು, ಗಾಳಿ ಮರ, ನಿಮ್ಮೆದುರಿನ ಕಾಂಗ್ರೆಸ್ ಗಿಡ ಇಂಥವುಗಳ ಪರಾಗ. ಆ ಗಿಡ ತಿನ್ನಲಿ ಅಂತ ಮೆಕ್ಸಿಕೋದಿಂದ ಜೀರುಂಡೆ ತರಿಸಿ 1984ರಲ್ಲಿ ಬೆಂಗಳೂರಲ್ಲೇ ಮೊದಲು ಬಿಟ್ಟರು. ಮಳೆಗಾಲದಲ್ಲಿ ಎಲೆ ಜರಡಿ ಮಾಡುತ್ತದೆ ನಿಜ, ಗಿಡ ಮಾತ್ರ ಮುಗಿದಿಲ್ಲ. ಹೂ ಬಿಡುವ ಮುಂಚೆ ಬೇರುಸಹಿತ ಕೀಳಿಸಿ. ಕೀಳುವವರು ಕೈಗವಸು, ಮಾಸ್ಕ್ ಹಾಕಿಕೊಳ್ಳಲಿ, ಅದು ಚರ್ಮಕ್ಕೂ ಕೆಟ್ಟದ್ದು. ನಿಮ್ಮವರು ಮಾತ್ರ ಕೈ ಹಾಕಬಾರದು.

ಕೊನೆಗೆ ನಿಮ್ಮವರ ಮಾತ್ರೆ. ಮಾಂಟೆಲುಕಾಸ್ಟ್ ಮೇಲೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮಾರ್ಚ್ 2020ರಲ್ಲಿ ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿದೆ. ಕೆಲವರಿಗೆ ಕೆಟ್ಟ ಕನಸು, ಸಿಡುಕು, ಮಂಕು, ಆತ್ಮಹತ್ಯೆಯ ಯೋಚನೆ ಬರುವುದುಂಟು. ಎಲ್ಲರಿಗೂ ಅಲ್ಲ. ಬೇಕಾದವರಿಗೆ ಅದು ಬೇಕೇ. ಆದರೆ ಚೀಟಿ ಇಲ್ಲದೆ ತಾವೇ ತಂದು ನುಂಗುವ ಮಾತ್ರೆ ಅಲ್ಲ ಅದು. ಬೆಳಗಿನ ಸೀನಿಗೆ ಮೂಗಿಗೆ ಹಾಕುವ ಸ್ಟಿರಾಯ್ಡ್ ಸ್ಪ್ರೇ ಮೊದಲ ಸಾಲಿನ ಮದ್ದು. ಒಮ್ಮೆ ಡಾಕ್ಟರಿಗೆ ತೋರಿಸಿಕೊಳ್ಳಲಿ.

ಹೆಬ್ಬಾಳದಮ್ಮ

ಸರ್, ಎರಡು ಸಲ ಓದಿದೆ. ಸಿರಪ್‌ನ 20,000 ಮೈಕ್ರೋಗ್ರಾಂ ಲೆಕ್ಕ ನಮ್ಮವರಿಗೆ ತೋರಿಸಿದೆ, ಏನೂ ಮಾತಾಡಲಿಲ್ಲ. ಅಂದರೆ ಒಪ್ಪಿದ್ದಾರೆ ಅಂತ ಅರ್ಥ. ಆದರೆ ಮೂಗಿನ ಸ್ಪ್ರೇ ಅವರ ಹತ್ತಿರ ಮೊದಲೇ ಇದೆ. ಡಾಕ್ಟರು ಕೊಟ್ಟಿದ್ದರಂತೆ. ಗಂಟಲಿಗೆ ಇಳಿದು ಕಹಿಯಾಗುತ್ತದೆ, ಕೆಲಸವೂ ಮಾಡಲ್ಲ ಅಂತ ಬಿಟ್ಟಿದ್ದಾರೆ. ಇನ್ನೊಂದು ವಿಷಯ, ನಮ್ಮ ಮನೆಯಲ್ಲಿ ಎರಡು ಹೊತ್ತು ಪೂಜೆ. ಊದುಬತ್ತಿ, ಶುಕ್ರವಾರ ಸಾಂಬ್ರಾಣಿ. ಸಂಜೆ ಸೊಳ್ಳೆ ಬತ್ತಿ. ಇದನ್ನೆಲ್ಲ ನಿಲ್ಲಿಸಿ ಅಂತ ಅತ್ತೆಗೆ ಹೇಳುವ ಧೈರ್ಯ ನನಗಿಲ್ಲ.

ತೀರ್ಥಹಳ್ಳಿ ಕಡೆಯವಳು

ಹೊಗೆ ವಿಷಯ ನಾನು ಹೇಳುತ್ತೇನೆ. ನಮ್ಮ ಮನೆಯಲ್ಲಿ ಇಬ್ಬರು ಉಬ್ಬಸದವರು, ಅಪ್ಪ ಮತ್ತು ನನ್ನ ಮಗಳು. ನಮ್ಮ ಕಡೆ ಬಚ್ಚಲ ಒಲೆ ಬೆಳಗಿನಿಂದ ರಾತ್ರಿವರೆಗೆ ಆರುವುದಿಲ್ಲ. ಮಳೆಗಾಲದಲ್ಲಿ ಹಸಿ ಕಟ್ಟಿಗೆ, ಅಡಿಕೆ ಸಿಪ್ಪೆ ಒಟ್ಟಿ ಹೊಗೆ ಕವಿಯುತ್ತದೆ. ಸಾಲದ್ದಕ್ಕೆ ಅಡಿಕೆ ಬೇಯಿಸುವ ಸುಗ್ಗಿಯ ಹೊಗೆ. ಅಪ್ಪನ ಮಂಚ ಬಚ್ಚಲಿಗೆ ತಾಗಿದ ಕೋಣೆಯಲ್ಲಿತ್ತು, ಅಲ್ಲಿ ಬೆಚ್ಚಗಿರುತ್ತದೆ ಅಂತ. ಮೊದಲು ಮಂಚವನ್ನು ಜಗಲಿ ಕೋಣೆಗೆ ಸಾಗಿಸಿದ್ದು. ಒಲೆ ಆರಿಸುವ ಜಗಳಕ್ಕೆ ಹೋಗಲೇ ಇಲ್ಲ.

ನಿಮ್ಮಲ್ಲೂ ಹಾಗೇ ಮಾಡಿ. ಪೂಜೆ ನಿಲ್ಲಿಸಿ ಅನ್ನಬೇಡಿ. ದೀಪ ಇರಲಿ, ಹೂವಿರಲಿ, ಊದುಬತ್ತಿ ತುಳಸಿಕಟ್ಟೆ ಹತ್ತಿರ ಹಚ್ಚೋಣ ಅನ್ನಿ. ದೇವರ ವಿಷಯದಲ್ಲಿ ಅಜ್ಜಿಯರು ಒಪ್ಪದಿರಬಹುದು, ಮೊಮ್ಮಗನ ವಿಷಯದಲ್ಲಿ ಒಪ್ಪುತ್ತಾರೆ. ಸೊಳ್ಳೆ ಬತ್ತಿಗೆ ಮಾತ್ರ ರಾಜಿ ಬೇಡ. ಒಂದು ಬತ್ತಿ ಪೂರ್ತಿ ಉರಿದರೆ ಬರುವ ಸೂಕ್ಷ್ಮ ಕಣ 75ರಿಂದ 137 ಸಿಗರೇಟು ಸುಟ್ಟಷ್ಟು ಅಂತ 2003ರ ಒಂದು ಅಧ್ಯಯನ ಹೇಳುತ್ತದೆ. ಕಿಟಕಿಗೆ ಜಾಲರಿ, ಮಂಚಕ್ಕೆ ಪರದೆ ಹಾಕಿಸಿ. ಪರದೆಯನ್ನೂ ಆಗಾಗ ಒಗೆಯಬೇಕು.

ಇನ್ನು ಹಾಸಿಗೆ. ಧೂಳಿನ ಹುಳ ಕಣ್ಣಿಗೆ ಕಾಣುವುದಿಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ತಿಂದು ಬದುಕುತ್ತದೆ, ತೇವ ಇದ್ದಲ್ಲಿ ಹೆಚ್ಚುತ್ತದೆ. ಅಲರ್ಜಿ ಆಗುವುದು ಮುಖ್ಯವಾಗಿ ಅದರ ಹಿಕ್ಕೆಯಿಂದ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಅದಕ್ಕೆ ಹಬ್ಬ. ಹತ್ತಿ ಹಾಸಿಗೆ ಒಣಗಿಸುವುದು ಎಲ್ಲಿ? ನಾವು ದಿಂಬು, ಹಾಸಿಗೆಗೆ ಜಿಪ್ ಇರುವ ಒತ್ತು ನೇಯ್ಗೆಯ ಕವರ್ ಹಾಕಿದೆವು. ಹೊದಿಕೆಗಳನ್ನು ವಾರಕ್ಕೊಮ್ಮೆ ಕೈ ಇಡಲಾಗದಷ್ಟು ಬಿಸಿ ನೀರಲ್ಲಿ ಅದ್ದುತ್ತೇವೆ. ಸುಮಾರು 60 ಡಿಗ್ರಿ ಇರಬೇಕು, ತಣ್ಣೀರಿಗೆ ಅದು ಸಾಯುವುದಿಲ್ಲ. ಕೌದಿಗಳನ್ನು ಬೇಸಿಗೆಯಲ್ಲಿ ಅಂಗಳದ ಬಿಸಿಲಿಗೆ ಹಾಕಿ ಕೊಡವಿಡುತ್ತೇವೆ. ಕೊಡವುವಾಗ ಮಗಳು ತೋಟದಲ್ಲಿರುತ್ತಾಳೆ. ನೆಲ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಗೋಡೆಗೆ ಬೂಸು ಹಿಡಿದಿದ್ದರೆ ಅದಕ್ಕೂ ಮದ್ದು ಮಾಡಿ. ಜಿರಳೆ ಇದ್ದರೆ ಅದೂ ಅಲರ್ಜಿ ತರುತ್ತದೆ, ಪೇಟೆ ಮನೆಗಳಲ್ಲಿ ಜಾಸ್ತಿ.

ಹೈದರಾಬಾದಿಗೆ ನಮ್ಮಪ್ಪನೂ ಹೋಗಿ ಬಂದಿದ್ದಾರೆ. ಕೊರಮೀನಿನ ಮರಿಯ ಬಾಯಿಗೆ ಹಳದಿ ಮುದ್ದೆ ಇಟ್ಟು ಜೀವಂತ ನುಂಗಿಸುತ್ತಾರೆ. ಜನಸಾಗರ. ಅದರಿಂದ ಗುಣ ಆಗುತ್ತದೆ ಅನ್ನಲು ವೈಜ್ಞಾನಿಕ ಆಧಾರ ಇಲ್ಲ. ಆರು ವರ್ಷದ ಮಗುವಿನ ಗಂಟಲಿಗೆ ಜೀವಂತ ಮೀನು ಇಳಿಸುವುದು ನನಗಂತೂ ಒಪ್ಪಿಗೆ ಇಲ್ಲ. ಅಪ್ಪ ನಂಬಿಕೆಯಿಂದ ಹೋದರು, ಬ್ಯಾಗಲ್ಲಿ ಪಂಪ್ ಇಟ್ಟುಕೊಂಡೇ ಹೋದರು. ಬಂದಮೇಲೂ ನಿಲ್ಲಿಸಲಿಲ್ಲ.

ತಿಪಟೂರು ಮೆಡಿಕಲ್ಸ್

ಮೀನಿಗಿಂತ ನನಗೆ ಭಯ ಹೆಸರಿಲ್ಲದ ಪುಡಿ ಪೊಟ್ಟಣಗಳದ್ದು. "ಒಂದೇ ವಾರದಲ್ಲಿ ಉಬ್ಬಸ ಮಾಯ" ಅನ್ನುವ ಪುಡಿಯಲ್ಲಿ ಸ್ಟಿರಾಯ್ಡ್ ಮಾತ್ರೆ ಅರೆದು ಸೇರಿಸಿದ್ದು ಎಷ್ಟೋ ಕಡೆ ಸಿಕ್ಕಿದೆ. ಪಂಪಿನ ಸ್ಟಿರಾಯ್ಡ್ ಬೇಡ ಅಂತ ಓಡಿದವರು ಮುಖ ಊದಿಸಿಕೊಂಡು ಬರುತ್ತಾರೆ.

ಸ್ಪ್ರೇ ಕಹಿಯಾಗುವುದು ಹಾಕುವ ಕ್ರಮದಿಂದ. ತಲೆ ಹಿಂದಕ್ಕೆ ಎತ್ತಬಾರದು, ಸ್ವಲ್ಪ ಮುಂದಕ್ಕೆ ಬಗ್ಗಿಸಬೇಕು. ಬಲ ಮೂಗಿಗೆ ಎಡಗೈ, ಎಡ ಮೂಗಿಗೆ ಬಲಗೈ. ಆಗ ತುದಿ ತಾನಾಗಿ ನಡುಗೋಡೆಯಿಂದ ಹೊರಕ್ಕೆ, ಕಿವಿಯ ಕಡೆಗೆ ತಿರುಗುತ್ತದೆ. ನಡುಗೋಡೆಗೆ ಬಿದ್ದರೆ ರಕ್ತ ಬರಬಹುದು. ಜೋರಾಗಿ ಸೊರ್ ಅಂತ ಎಳೆಯಬಾರದು, ಎಳೆದರೆ ಗಂಟಲಿಗೇ ಹೋಗುತ್ತದೆ. ಪೂರ್ತಿ ಗುಣ ಕಾಣಲು ಎರಡು ವಾರ ಬೇಕು. ಎರಡೇ ದಿನ ಹಾಕಿ ಬಿಟ್ಟಿದ್ದಾರೆ ಅಂತ ನನ್ನ ಊಹೆ. ಮಗನ ಮೂಗನ್ನೂ ಡಾಕ್ಟರಿಗೆ ತೋರಿಸಿ. ಮೂಗು ಹತೋಟಿಗೆ ಬಾರದೆ ಎದೆ ಹತೋಟಿಗೆ ಬರುವುದು ಕಷ್ಟ.

ಲೆಸ್ಟರ್ ನರ್ಸ್

ನಾನು ಹಾಸನದವಳು. ಇಲ್ಲಿ ಇಂಗ್ಲೆಂಡಿನಲ್ಲಿ ಅಸ್ತಮಾ ಕ್ಲಿನಿಕ್‌ನಲ್ಲಿ ನರ್ಸ್. ಇಲ್ಲಿ ಪ್ರತಿ ಮಗುವಿನ ಮನೆಯವರ ಕೈಗೂ ಒಂದು ಹಾಳೆ ಬರೆದುಕೊಡುತ್ತೇವೆ. ಹಸಿರು, ಹಳದಿ, ಕೆಂಪು ಅಂತ ಮೂರು ಭಾಗ. ನಿಮ್ಮ ಡಾಕ್ಟರ ಹತ್ತಿರ ಇದನ್ನು ಕೇಳಿ ಬರೆಸಿಕೊಳ್ಳಿ. ರಾತ್ರಿ ಎರಡು ಗಂಟೆಗೆ ಗಂಡ, ಅತ್ತೆ, ನೀವು ಮೂವರೂ ಮೂರು ಮಾತು ಹೇಳುವಾಗ ಆ ಹಾಳೆ ಬೇಕಾಗುತ್ತದೆ.

ಆರಾಮಾಗಿದ್ದಾಗ ಯಾವ ಪಂಪ್ ಎಷ್ಟು ಅನ್ನುವುದು ಹಸಿರಿನಲ್ಲಿ. ನೆಗಡಿ ಶುರುವಾದಾಗ, ರಾತ್ರಿ ಕೆಮ್ಮಿದಾಗ, ಆಟಕ್ಕೆ ಏದುಸಿರು ಬಂದಾಗ ಏನು ಅನ್ನುವುದು ಹಳದಿಯಲ್ಲಿ. ಕೆಂಪಿನ ಲಕ್ಷಣ ನೀವು ಈಗಲೇ ತಿಳಿದಿರಿ. ಒಂದು ವಾಕ್ಯ ಒಂದೇ ಉಸಿರಲ್ಲಿ ಹೇಳಲಾಗುವುದಿಲ್ಲ. ಅಂಗಿ ಎತ್ತಿ ನೋಡಿದರೆ ಉಸಿರೆಳೆದಾಗ ಪಕ್ಕೆಲುಬಿನ ಸಂದಿ, ಕತ್ತಿನ ಗುಳಿ ಒಳಕ್ಕೆ ಸೇದುತ್ತದೆ. ನೀಲಿ ಪಂಪ್ ಕೊಟ್ಟರೂ ನಾಲ್ಕು ಗಂಟೆ ತಡೆಯುವುದಿಲ್ಲ. ತುಟಿ ನೀಲಿಯಾಗುವುದು, ಮಗು ಮಂಕಾಗುವುದು ಎಲ್ಲಕ್ಕಿಂತ ಅಪಾಯ. ಜೋರು ಅಟ್ಯಾಕಿನಲ್ಲಿ ಒಮ್ಮೊಮ್ಮೆ ಸುಯ್ ಸುಯ್ ನಿಂತೇ ಹೋಗುತ್ತದೆ. ಕಡಿಮೆ ಆಯಿತು ಅಂದುಕೊಳ್ಳಬೇಡಿ, ಗಾಳಿಯೇ ಆಡುತ್ತಿಲ್ಲ ಅಂತ ಅರ್ಥ. ಆಗ ಮಗುವನ್ನು ಮಲಗಿಸಬೇಡಿ, ನೆಟ್ಟಗೆ ಕೂರಿಸಿ. ಸ್ಪೇಸರಿನಲ್ಲಿ ನೀಲಿ ಪಂಪ್ ಒಂದೊಂದಾಗಿ, ಸಾಮಾನ್ಯವಾಗಿ 4ರಿಂದ 6 ಪಫ್ ಬರೆದಿರುತ್ತಾರೆ. 108ಕ್ಕೆ ಫೋನ್ ಮಾಡಿ ಅಥವಾ ಹೊರಟುಬಿಡಿ. ದಾರಿಯಲ್ಲಿ ಬೇಕಾದರೆ 20 ನಿಮಿಷಕ್ಕೊಮ್ಮೆ ಮತ್ತೆ ಕೊಡಬಹುದು. ನಿಮ್ಮ ಮಗನಿಗೆ ಎಷ್ಟು ಅನ್ನುವುದನ್ನು ಮಾತ್ರ ಡಾಕ್ಟರ ಕೈಯಲ್ಲೇ ಬರೆಸಿ.

ಶಾಲೆ ಮರೆಯಬೇಡಿ. ಇಲ್ಲಿನ ಶಾಲೆಗಳು 2014ರ ಅಕ್ಟೋಬರ್‌ನಿಂದ ತುರ್ತಿಗೆ ಅಂತ ತಾವೇ ಒಂದು ನೀಲಿ ಪಂಪ್ ಇಟ್ಟುಕೊಳ್ಳಬಹುದು. ಅಲ್ಲಿ ಹಾಗಿಲ್ಲದಿದ್ದರೆ ನೀವೇ ಒಂದು ಪಂಪ್, ಒಂದು ಸ್ಪೇಸರ್, ಆ ಹಾಳೆಯ ಜೆರಾಕ್ಸ್ ಕೊಟ್ಟು, ಕ್ಲಾಸ್ ಟೀಚರ್ ಮುಂದೆ ಒಮ್ಮೆ ಮಾಡಿ ತೋರಿಸಿ. ಬೀರುವಿನಲ್ಲಿಟ್ಟು ಬೀಗ ಹಾಕಬಾರದು ಅಂತಲೂ ಹೇಳಿ. ಆಟ ಬಿಡಿಸಬೇಡಿ. ಓಡಿದರೆ ಉಬ್ಬಸ ಬರುತ್ತದೆ ಅಂದರೆ ಅಸ್ತಮಾ ಹತೋಟಿಯಲ್ಲಿಲ್ಲ ಅಂತ ಡಾಕ್ಟರಿಗೆ ಹೇಳಬೇಕು, ಓಟ ನಿಲ್ಲಿಸುವುದಲ್ಲ.

ಹೆಬ್ಬಾಳದಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡಾಕ್ಟರ ಹತ್ತಿರ ಹೋಗಿ ಬಂದೆವು. ಹಾಳೆ ಬರೆದುಕೊಟ್ಟಿದ್ದಾರೆ, ಫ್ರಿಜ್ ಮೇಲೆ ಅಂಟಿಸಿದ್ದೇನೆ. ಮೊಸರು, ಬಾಳೆಹಣ್ಣು ಎರಡಕ್ಕೂ ಸರಿ ಅಂದರು. ಕಡಲೆ, ಬದನೆಕಾಯಿಯೂ ಮೊದಲಿನಂತೆ ಇರಲಿ ಅಂದರು. ಬದನೆಕಾಯಿ ಮಗನಿಗೆ ಬೇಡವಂತೆ, ರಿಪೋರ್ಟಿನಲ್ಲಿ ಇದೆಯಲ್ಲಮ್ಮ ಅನ್ನುತ್ತಾನೆ!

ಇನ್ನೊಂದೇ ಪ್ರಶ್ನೆ. ದಸರಾ ರಜೆಗೆ ಅರಸೀಕೆರೆ ಹತ್ತಿರ ಅತ್ತೆಯ ಊರಿಗೆ ಹೋಗಬೇಕು. ಹಳೇ ಮನೆ, ಬೀಗ ಹಾಕಿದ್ದು. ಆಯುಧಪೂಜೆಗೆ ಅಂತ ಹೋದಮೇಲೆ ಅಟ್ಟ ಎಲ್ಲ ಇಳಿಸಿ ಕ್ಲೀನ್ ಮಾಡುತ್ತಾರೆ. ಮಗನನ್ನು ಕರೆದುಕೊಂಡು ಹೋಗಬಹುದಾ?

ತಿಪಟೂರು ಮೆಡಿಕಲ್ಸ್

ಕರೆದುಕೊಂಡು ಹೋಗಿ. ಆದರೆ ನೀವು ಹೋಗುವ ಎರಡು ದಿನ ಮುಂಚೆಯೇ ಯಾರನ್ನಾದರೂ ಕಳಿಸಿ ಬಾಗಿಲು ತೆಗೆಸಿ ಗುಡಿಸಿ ಒರೆಸಿಸಿಡಿ. ಅಟ್ಟ ಇಳಿಸುವ ಕೆಲಸವೂ ಆಗಲೇ ಮುಗಿಯಲಿ. ನಿಮ್ಮವರು ಆ ಕೆಲಸಕ್ಕೆ ನಿಲ್ಲಬಾರದು. ಮಗನ ದಿಂಬು, ಹೊದಿಕೆ ಮನೆಯಿಂದಲೇ ಒಯ್ಯಿರಿ. ಟ್ರಂಕಿನಲ್ಲಿಟ್ಟ ಹಳೇ ಕಂಬಳಿ, ರಗ್ಗು ಹೊದಿಸುವುದು ಬೇಡ, ಎಷ್ಟೇ ಪ್ರೀತಿಯಿಂದ ಕೊಟ್ಟರೂ. ಬ್ಯುಡೆಸೊನೈಡ್ ಒಂದು ದಿನವೂ ತಪ್ಪಬಾರದು. ರಜೆಯಲ್ಲಿ ತಪ್ಪುವುದೇ ಜಾಸ್ತಿ.

ನೀಲಿ ಪಂಪ್ ಎರಡು ಇಟ್ಟುಕೊಳ್ಳಿ, ಒಂದು ನಿಮ್ಮ ಕೈಚೀಲದಲ್ಲಿ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಇಡಬೇಡಿ, ಅದು ಒತ್ತಡದ ಡಬ್ಬಿ. ಸ್ಪೇಸರ್ ಬೆಂಗಳೂರಲ್ಲೇ ತೆಗೆದುಕೊಳ್ಳಿ. ಸಣ್ಣ ಊರಿನ ಎಷ್ಟೋ ಅಂಗಡಿಯವರು ಪಂಪ್ ಇಟ್ಟಿರುತ್ತಾರೆ, ಸ್ಪೇಸರ್ ಇಟ್ಟಿರುವುದಿಲ್ಲ. ಖರ್ಚು ಜಾಸ್ತಿ ಅನ್ನಿಸಿದರೆ ಇದೇ ಔಷಧಿ ಜನೌಷಧಿ ಕೇಂದ್ರದಲ್ಲಿ ಕಡಿಮೆಗೆ ಸಿಗುತ್ತದಾ ಕೇಳಿ ನೋಡಿ. ನನ್ನ ವ್ಯಾಪಾರಕ್ಕೆ ನಷ್ಟ, ಆದರೂ ಹೇಳುತ್ತಿದ್ದೇನೆ. ಹೋಗುವ ಊರಿಗೆ ಹತ್ತಿರದ, ರಾತ್ರಿ ತೆರೆದಿರುವ ಆಸ್ಪತ್ರೆ ಯಾವುದು ಅಂತ ಮೊದಲೇ ವಿಚಾರಿಸಿ ಆ ಹಾಳೆಯ ಹಿಂದೆ ಬರೆದುಕೊಳ್ಳಿ.